ಕೋಲಾರದಿಂದ ಕೊಗ್ಗಲಕ್ಕೆ: ಯುದ್ಧಕಾಲದ ವಿಮಾನ ನೆಲೆಗಳ ಜಾಡಿನಲ್ಲಿ

ಮೊದಲ ದಿನ: ಕೋಲಾರ, ಕೊಲಂಬೊ

ಕೋಲಾರವೆಂದರೆ ಚಿನ್ನದ ಗಣಿ, ರೇಷ್ಮೆ, ಹಾಲು, ಟೊಮೆಟೊ ಎಂದು ನಾಡಿಗೆಲ್ಲ ಗೊತ್ತು. ಎರಡನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ ಇದೇ ಹೆಸರಿನ ವಾಯುನೆಲೆಯೊಂದು ಬ್ರಿಟಿಷರ ರಾಯಲ್ ಏರ್‌ಫೋರ್ಸಿನ ದಾಖಲೆಗಳಲ್ಲಿತ್ತು ಎಂಬ ಸಂಗತಿ ಮಾತ್ರ ನಮ್ಮ ಜಿಲ್ಲೆಯವರಿಗೇ ಹೆಚ್ಚಾಗಿ ತಿಳಿಯದು. ಎರಡು ಎಂಜಿನ್‌ಗಳ ವಿಮಾನ ಹಾರಿಸಿ ಬಂದವರಿಗೆ ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರನ್ನು ಪಳಗಿಸುವುದನ್ನು ಕಲಿಸುತ್ತಿದ್ದ 1673ನೆಯ ಹೆವಿ ಕನ್ವರ್ಷನ್ ಯೂನಿಟ್ ಇಲ್ಲಿತ್ತು. 1944ರ ನವೆಂಬರಿನಲ್ಲಿ ಆ ಘಟಕದ ವಿಮಾನಗಳಿಂದಲೂ ಸಿಬ್ಬಂದಿಯಿಂದಲೂ 358ನೆಯ ಸ್ಕ್ವಾಡ್ರನ್ ಎಂಬ ವಾಯುಪಡೆಯ ತುಕಡಿ ರೂಪುಗೊಂಡದ್ದು ಕೋಲಾರದಲ್ಲಿಯೇ. 1945ರ ಜನವರಿಯಲ್ಲಿ ಅದು ಬಂಗಾಳದ ಡಿಗ್ರಿ ಎಂಬ ನೆಲೆಗೆ ಹೋಯಿತು, ಮಾಂಡಲೆಯ ಮೇಲೆ ಒಂದೇ ಒಂದು ಬಾಂಬ್ ದಾಳಿ ನಡೆಸಿತು, ಆಮೇಲೆ ಬಾಂಬು ಬಿಟ್ಟು ಗುಪ್ತ ಕೆಲಸಕ್ಕೆ ತೊಡಗಿ ಬರ್ಮಾ, ಥಾಯ್ಲೆಂಡ್, ಇಂಡೋಚೀನಾ, ಮಲಯಗಳ ಕಾಡುಗಳಲ್ಲಿ ಜನರನ್ನೂ ಸಾಮಗ್ರಿಯನ್ನೂ ಪ್ಯಾರಾಚೂಟಿನಲ್ಲಿ ಇಳಿಸಿತು. ಯುದ್ಧ ಮುಗಿದ ವರ್ಷವೇ ಅದನ್ನು ವಿಸರ್ಜಿಸಲಾಯಿತು.

ಈ ವಿಷಯವನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಸಮುದ್ರದಿಂದ ಇಷ್ಟು ದೂರದ ಒಣ ಸೀಮೆಯಲ್ಲಿ ಅಷ್ಟು ದೊಡ್ಡ ವಿಮಾನಗಳಿಗೆ ಏನು ಕೆಲಸ? ಅದಕ್ಕೆ ಉತ್ತರ ಸಿಂಹಳ ದ್ವೀಪದಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿದೆ ಎಂಬುದು ನನ್ನ ನಂಬಿಕೆ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನವಾಹಕ ನೌಕೆಗಳು ಸಿಂಹಳದ ಮೇಲೆ ಎರಗಿದವು. ಅದೇ ವಾರ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಹೊರಟರು, ಸರ್ಕಾರಿ ಕಚೇರಿಗಳೂ ಊರು ಬಿಟ್ಟವು. ಅಲ್ಲಿಯವರೆಗೆ ಯುದ್ಧದ ಹಿತ್ತಿಲಾಗಿದ್ದ ದಕ್ಷಿಣ ಭಾರತ ಅಂದಿನಿಂದ ಅದರ ಅಂಗಳವಾಯಿತು. ಆ ಏಪ್ರಿಲ್‌ನ ಗುರುತುಗಳನ್ನು ಕಣ್ಣಾರೆ ಕಾಣಬೇಕೆಂಬುದು ಈ ಪ್ರವಾಸದ ಉದ್ದೇಶ.

ಜೊತೆಗೆ ಬಂದವರು ಇಬ್ಬರು. ಒಬ್ಬರು ಭೂಮಾಪನ ಇಲಾಖೆಯಿಂದ ನಿವೃತ್ತರಾದ ಸರ್ವೇಯರ್. ಯಾವ ನೆಲ ಕಂಡರೂ ಮೊದಲು ಅದರ ಇಳಿಜಾರು ನೋಡುವವರು. ಇನ್ನೊಬ್ಬರು ಕೋಲಾರದ ಎಪಿಎಂಸಿಯಲ್ಲಿ ತರಕಾರಿ ಮಂಡಿ ಇಟ್ಟುಕೊಂಡಿರುವ ನನ್ನ ಬಾಲ್ಯದ ಗೆಳೆಯ. ಹೊರಡುವ ದಿನ ಬೆಳಗ್ಗೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರನ್ನು ತಲೆಗೆ ಚಿಮುಕಿಸಿಕೊಂಡು ಕೆಳಗಿನ ಬಯಲನ್ನು ನೋಡುತ್ತ ನಿಂತಾಗ ಸರ್ವೇಯರ್ ಹೇಳಿದರು: "ಮಳೆ ಕಡಿಮೆ, ಮಂಜು ಕಡಿಮೆ, ಗಟ್ಟಿ ನೆಲ, ರೈಲು ಹತ್ತಿರ. ಹಡಗಿನಿಂದ ಎದ್ದ ವಿಮಾನ ಇಲ್ಲಿಗೆ ಬಂದು ವಾಪಸು ಹೋಗುವುದು ಕಷ್ಟ. ನಾನಾಗಿದ್ದರೂ ಕಲಿಯುವವರಿಗೆ ಇಂಥ ಜಾಗವನ್ನೇ ಆರಿಸುತ್ತಿದ್ದೆ." ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ ಅಗಲವಿದ್ದ ಆ ಬಾಂಬರನ್ನು ಹೊಸಬರ ಕೈಗೆ ಕೊಡುವಾಗ ಶತ್ರುವಿನ ಕಾಟವಿಲ್ಲದ ಆಕಾಶ ಬೇಕೇ ಬೇಕು.

ಮಧ್ಯಾಹ್ನ ದೇವನಹಳ್ಳಿಯಲ್ಲಿ ವಿಮಾನ ಹತ್ತಿದೆವು. ಹಾರಾಟ ಒಂದೂವರೆ ಗಂಟೆಯಷ್ಟೇ. ಇಳಿದ ಕಟುನಾಯಕೆ ನಿಲ್ದಾಣವೂ ಯುದ್ಧಕಾಲದಲ್ಲಿ ನೆಗೊಂಬೊ ಎಂಬ ಹೆಸರಿನ ವಾಯುನೆಲೆಯಾಗಿ ಹುಟ್ಟಿದ್ದೇ.

ಎರಡನೆಯ ದಿನ: ರೇಸ್‌ಕೋರ್ಸ್ ಮತ್ತು ರತ್ಮಲಾನ

ಕೊಲಂಬೊ ನಗರದ ನಡುವೆ ಹಳೆಯ ಕುದುರೆ ಜೂಜಿನ ಮೈದಾನವಿದೆ. ಅದರ ಪ್ರೇಕ್ಷಕರ ಗ್ಯಾಲರಿ ಈಗ ಅಂಗಡಿಗಳ ಸಾಲು, ಮೈದಾನ ಕ್ರೀಡಾಂಗಣ. 1942ರಲ್ಲಿ ಈ ಮೈದಾನವೇ ವಿಮಾನದ ಓಡುದಾರಿಯಾಗಿತ್ತು. 258ನೆಯ ಸ್ಕ್ವಾಡ್ರನ್ನಿನ ಹರಿಕೇನ್ ಯುದ್ಧವಿಮಾನಗಳೂ 11ನೆಯ ಸ್ಕ್ವಾಡ್ರನ್ನಿನ ಬ್ಲೆನ್‌ಹೀಮ್ ಬಾಂಬರುಗಳೂ ಇಲ್ಲಿಂದ ಏಳುತ್ತಿದ್ದವು. ಕುದುರೆಗಳ ಮೈದಾನ ವಿಮಾನ ನೆಲೆಯಾಗಿರುವುದು ಜಪಾನಿಗಳಿಗೆ ತಿಳಿದಿರಲಿಲ್ಲ. ದಾಳಿಯ ದಿನ ಅದು ಬಾಂಬಿನಿಂದ ಉಳಿದುಕೊಂಡಿತು.

ರತ್ಮಲಾನದ ಅದೃಷ್ಟ ಹಾಗಿರಲಿಲ್ಲ. ನಗರದ ದಕ್ಷಿಣದ ಅಂಚಿನಲ್ಲಿರುವ ಈ ನಿಲ್ದಾಣ ದ್ವೀಪದ ಮೊದಲ ವಿಮಾನ ನಿಲ್ದಾಣ. 1935ರ ನವೆಂಬರ್ 27ರಂದು ಇಲ್ಲಿ ಮೊದಲು ಇಳಿದ ಪುಟ್ಟ ವಿಮಾನವನ್ನು ತಂದವರು ಮದ್ರಾಸ್ ಫ್ಲೈಯಿಂಗ್ ಕ್ಲಬ್ಬಿನ ಮುಖ್ಯ ಶಿಕ್ಷಕ ಟಿಂಡೇಲ್ ಬಿಸ್ಕೊ. ಅಂದರೆ ಸಿಂಹಳದ ವಿಮಾನಯಾನದ ಮೊದಲ ಪುಟವೇ ನಮ್ಮ ಕಡೆಯಿಂದ ಬರೆಯಲ್ಪಟ್ಟಿತು. 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಬೆಳಗ್ಗೆ ಸುಮಾರು ಏಳೂವರೆಗೆ ನೂರಕ್ಕೂ ಹೆಚ್ಚು ಜಪಾನಿ ವಿಮಾನಗಳು ಕೊಲಂಬೊ ಮೇಲೆ ಬಂದವು. ಅವುಗಳ ನಾಯಕ ಫುಚಿದಾ, ನಾಲ್ಕು ತಿಂಗಳ ಹಿಂದೆ ಪರ್ಲ್ ಹಾರ್ಬರಿನ ಮೇಲಿನ ದಾಳಿಯನ್ನು ನಡೆಸಿದವನು. ದಾಳಿ ಬರುವುದೆಂದು ಹಿಂದಿನ ಸಂಜೆಯೇ ಗೊತ್ತಾಗಿದ್ದರೂ ಅದು ಯಾವ ಗಳಿಗೆಯಲ್ಲೆಂದು ರೇಡಾರ್ ಹೇಳಲಿಲ್ಲ. ರತ್ಮಲಾನದ 30ನೆಯ ಸ್ಕ್ವಾಡ್ರನ್ನಿನ ಹರಿಕೇನುಗಳು ಶತ್ರು ವಿಮಾನಗಳು ತಲೆಯ ಮೇಲಿರುವಾಗಲೇ ಓಡುದಾರಿಯಿಂದ ಏಳಬೇಕಾಯಿತು. ಯುದ್ಧವಿಮಾನಕ್ಕೆ ಎತ್ತರವೇ ಬಲ. ಏರುತ್ತಿರುವಾಗ ಅದಕ್ಕೆ ವೇಗವೂ ಇಲ್ಲ, ತಿರುಗುವ ಅವಕಾಶವೂ ಇಲ್ಲ. ಅದೇ ಹೊತ್ತಿಗೆ ಟ್ರಿಂಕೊಮಲಿಯಿಂದ ಇತ್ತ ಬರುತ್ತಿದ್ದ, ಎರಡು ಅಂತಸ್ತಿನ ರೆಕ್ಕೆಯ ನಿಧಾನಗತಿಯ ಆರು ಸ್ವೋರ್ಡ್‌ಫಿಶ್ ವಿಮಾನಗಳು ಝೀರೊ ಎಂಬ ಜಪಾನಿ ಯುದ್ಧವಿಮಾನಗಳ ಕಣ್ಣಿಗೆ ಬಿದ್ದು ಆರೂ ಉರುಳಿದವು. ಮಧ್ಯಾಹ್ನ ದ್ವೀಪದ ನೈಋತ್ಯದ ಸಮುದ್ರದಲ್ಲಿ ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಬ್ರಿಟನ್ನಿನ ಎರಡು ಕ್ರೂಸರ್ ಯುದ್ಧನೌಕೆಗಳು ಜಪಾನಿ ಬಾಂಬಿಗೆ ಮುಳುಗಿದವು. 424 ಮಂದಿ ಸತ್ತರು.

ರತ್ಮಲಾನದಲ್ಲಿ ಈಗ ಶ್ರೀಲಂಕಾ ವಾಯುಪಡೆಯ ವಸ್ತುಸಂಗ್ರಹಾಲಯವಿದೆ. ಅದರ ಬಹುಪಾಲು 1951ರಲ್ಲಿ ದ್ವೀಪಕ್ಕೆ ತನ್ನದೇ ವಾಯುಪಡೆ ಬಂದ ನಂತರದ ಕಥೆಗೆ ಮೀಸಲು. ಅದು ನ್ಯಾಯವೇ. ತನ್ನ ವಾಯುಪಡೆಯ ಕಥೆಯನ್ನು ಹೇಳುವುದು ಆ ದೇಶದ ಮೊದಲ ಹೊಣೆ.

ಮೂರನೆಯ ದಿನ: ಕೊಗ್ಗಲದ ಸರೋವರ

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಮಾತರದ ಕಡೆಗೆ ಹೋಗುವ ರೈಲು ಸಮುದ್ರದ ಅಲೆಗೆ ಕೈ ಚಾಚಬಹುದೆನ್ನುವಷ್ಟು ಹತ್ತಿರದಲ್ಲಿ ಓಡುತ್ತದೆ. ಗಾಲೆ ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ಕೊಗ್ಗಲ. ಇಲ್ಲೊಂದು ದೇಶೀಯ ವಿಮಾನ ನಿಲ್ದಾಣವಿದೆ ಎಂದು ಮೊದಲೇ ಗೊತ್ತಿಲ್ಲದವರಿಗೆ ಅದು ಕಾಣಿಸುವುದೇ ಇಲ್ಲ. ಸಾವಿರ ಮೀಟರಿಗೂ ಕಡಿಮೆ ಉದ್ದದ ಓಡುದಾರಿ, ಒಂದು ಕಡೆ ರಸ್ತೆ ಮತ್ತು ರೈಲು, ಅದರಾಚೆ ಕಡಲು. ಇನ್ನೊಂದು ಕಡೆ ದ್ವೀಪಗಳಿಂದ ತುಂಬಿದ ವಿಶಾಲವಾದ ಹಿನ್ನೀರಿನ ಸರೋವರ. ನಿಲ್ದಾಣ ವಾಯುಪಡೆಯ ಉಸ್ತುವಾರಿಯಲ್ಲಿದೆ. ಪ್ರವಾಸಿಗರನ್ನು ಹೊತ್ತ ಸಣ್ಣ ವಿಮಾನಗಳು ಬಂದು ಹೋಗುತ್ತವೆ.

ಯುದ್ಧಕಾಲದಲ್ಲಿ ಇಲ್ಲಿನ ನಿಜವಾದ ಓಡುದಾರಿ ಸರೋವರವೇ ಆಗಿತ್ತು. ನೀರಿನ ಮೇಲೆಯೇ ಇಳಿದು ಏಳುವ ಕ್ಯಾಟಲಿನಾ ಎಂಬ ಹಾರುವ ದೋಣಿಗಳಿಗೆ ಅಲೆಯಿಲ್ಲದ ಉದ್ದನೆಯ ನೀರು ಬೇಕು, ಸಮುದ್ರ ಪಕ್ಕದಲ್ಲೇ ಇರಬೇಕು; ಕೊಗ್ಗಲದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಸರೋವರದ ನಡುವೆ ಹೋದೆವು. ದಂಡೆಯ ಕಾಂಡ್ಲದ ಬೇರುಗಳು ದೂರವಾದ ಮೇಲೆ ನೀರು ಎಷ್ಟು ನಿಶ್ಚಲವಾಗಿತ್ತೆಂದರೆ ಅಂಬಿಗನು ಹುಟ್ಟು ಎತ್ತಿದಾಗ ಅದರಿಂದ ತೊಟ್ಟಿಕ್ಕಿದ ಹನಿಗಳ ಉಂಗುರಗಳು ಒಂದನ್ನೊಂದು ಮುಟ್ಟುವವರೆಗೂ ಕಾಣುತ್ತಿದ್ದವು. ಇಲ್ಲಿಂದಲೇ 1942ರ ಏಪ್ರಿಲ್ 4ರ ನಸುಕಿನಲ್ಲಿ ಕೆನಡಾದ 413ನೆಯ ಸ್ಕ್ವಾಡ್ರನ್ನಿನ ಲೆನರ್ಡ್ ಬರ್ಚಲ್ ತನ್ನ ಕ್ಯಾಟಲಿನಾವನ್ನು ಎಬ್ಬಿಸಿದ. ಆತ ಕೊಗ್ಗಲಕ್ಕೆ ಬಂದು ಎರಡೇ ದಿನವಾಗಿತ್ತು. ಇಡೀ ಹಗಲು ದ್ವೀಪದ ದಕ್ಷಿಣದ ಸಾಗರದಲ್ಲಿ ಗಸ್ತು ತಿರುಗಿ, ಸಂಜೆ ನಾಲ್ಕರ ಸುಮಾರಿಗೆ, ಇನ್ನೇನು ಹಿಂದಿರುಗಬೇಕು ಎನ್ನುವಾಗ ದಿಗಂತದಲ್ಲಿ ಚುಕ್ಕೆಗಳು ಕಂಡವು. ಹತ್ತಿರ ಹೋಗಿ ನೋಡಿದರೆ ಜಪಾನಿನ ನೌಕಾಪಡೆ.

ಆ ಗಳಿಗೆಯಲ್ಲಿ ಓಡಿಹೋಗಲು ಕ್ಯಾಟಲಿನಾಕ್ಕೆ ವೇಗವಿಲ್ಲ, ಅಡಗಲು ಮೋಡವಿಲ್ಲ. ಉಳಿದದ್ದು ಒಂದೇ ಕೆಲಸ, ಕಂಡದ್ದನ್ನು ರೇಡಿಯೊದಲ್ಲಿ ಹೇಳುವುದು. ಹಡಗುಗಳು ಎಲ್ಲಿವೆ, ಎತ್ತ ಸಾಗುತ್ತಿವೆ ಎಂಬ ಸಂದೇಶವನ್ನು ಕ್ರಮದಂತೆ ಮತ್ತೆ ಮತ್ತೆ ಕಳುಹಿಸುತ್ತಿರುವಾಗಲೇ ಝೀರೊಗಳ ಗುಂಡು ರೇಡಿಯೊವನ್ನು ಒಡೆಯಿತು, ವಿಮಾನ ನೀರಿಗೆ ಬಿತ್ತು. ಒಂಬತ್ತು ಮಂದಿಯಲ್ಲಿ ಆರು ಮಂದಿ ಬದುಕಿ ಸೆರೆಯಾದರು. ಬರ್ಚಲ್ ಯುದ್ಧ ಮುಗಿಯುವವರೆಗೂ ಜಪಾನಿನ ಶಿಬಿರಗಳಲ್ಲಿದ್ದ. ಅವರ ಸಂದೇಶದಿಂದಾಗಿ ಕೊಲಂಬೊ ಬಂದರಿನಲ್ಲಿದ್ದ ಹಲವು ಹಡಗುಗಳು ಅದೇ ರಾತ್ರಿ ಹೊರಗೆ ಚದುರಿದವು. ಮರುದಿನ ಬಂದ ಬಾಂಬರುಗಳಿಗೆ ನಿರೀಕ್ಷಿಸಿದಷ್ಟು ಗುರಿ ಸಿಗಲಿಲ್ಲ. ಒಂದು ದ್ವೀಪದ ಭವಿಷ್ಯ ಕೆಲವು ನಿಮಿಷಗಳ ಮೋರ್ಸ್ ಸಂಕೇತದ ಮೇಲೆ ನಿಂತಿತ್ತು ಎಂದು ನಾನು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಇದೇ ಸರೋವರಕ್ಕೆ ಇನ್ನೊಂದು ಕಥೆಯಿದೆ, ಅದು ನನಗೆ ಇನ್ನೂ ಪ್ರಿಯವಾದದ್ದು. ಸಿಂಗಪುರ ಜಪಾನಿಗಳ ವಶವಾದ ಮೇಲೆ ಆಸ್ಟ್ರೇಲಿಯಾಕ್ಕೂ ಬ್ರಿಟನ್ನಿಗೂ ನಡುವಿನ ವಿಮಾನ ಸಂಪರ್ಕ ಕಡಿದುಹೋಯಿತು. ಅದನ್ನು ಮತ್ತೆ ಜೋಡಿಸಲು 1943ರ ಜುಲೈಯಿಂದ ಕ್ವಾಂಟಾಸ್ ಸಂಸ್ಥೆಯ ಕ್ಯಾಟಲಿನಾಗಳು ಪರ್ತ್ ನಗರದಿಂದ ಕೊಗ್ಗಲಕ್ಕೆ, ನಡುವೆ ಎಲ್ಲಿಯೂ ಇಳಿಯದೆ, ಹಿಂದೂ ಮಹಾಸಾಗರವನ್ನು ಅಡ್ಡ ಹಾಯ್ದು ಬರತೊಡಗಿದವು. ದಾರಿ ಸುಮಾರು 5,650 ಕಿಲೋಮೀಟರ್, ಹೊತ್ತು 27ರಿಂದ 32 ಗಂಟೆ. ಹೊತ್ತ ಇಂಧನದ ಭಾರಕ್ಕೆ ಮೂವರು ಪ್ರಯಾಣಿಕರಿಗೂ 69 ಕಿಲೋ ಟಪಾಲಿಗೂ ಮಾತ್ರ ಜಾಗ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೊ ಮೌನವಾಗಿರುತ್ತಿತ್ತು. ದಾರಿ ತೋರಿಸುತ್ತಿದ್ದದ್ದು ನಕ್ಷತ್ರಗಳು. ವಿಮಾನಗಳ ಹೆಸರುಗಳೂ ನಕ್ಷತ್ರಗಳವೇ: ಆಲ್ಟೇರ್, ವೇಗಾ, ರೈಜೆಲ್, ಅಂಟಾರೆಸ್, ಸ್ಪೈಕಾ. ನಮ್ಮ ಪಂಚಾಂಗದಲ್ಲಿ ಇವೇ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ಎಂದು ಬರುತ್ತವೆ. ಅಭಿಜಿತ್ ಇಪ್ಪತ್ತೇಳರ ಆಚೆಗಿನ ಇಪ್ಪತ್ತೆಂಟನೆಯದು, ರೈಜೆಲ್ ಆ ಲೆಕ್ಕಕ್ಕೂ ಸೇರದ್ದು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಂಡವರಿಗೆ ಅದರ ನೆನಪಿಗೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. 1945ರ ಜುಲೈವರೆಗೆ ಒಟ್ಟು 271 ಬಾರಿ ಈ ಸಾಗರಲಂಘನ ನಡೆಯಿತು, ಒಂದೇ ಒಂದು ವಿಮಾನವೂ ಕಳೆದುಹೋಗಲಿಲ್ಲ. ಹನುಮಂತನ ಕಥೆ ಕೇಳಿ ಬೆಳೆದ ನಮಗೆ ಲಂಕೆಯ ದಡದಲ್ಲಿ ಕುಳಿತು ಇದನ್ನು ನೆನೆಯುವಾಗ ಮೈ ನವಿರೇಳುವುದು ಸಹಜ.

ನಾಲ್ಕನೆಯ ದಿನ: ಉಳಿದ ಮನೆ

ಸ್ಕ್ವಾಡ್ರನ್ನುಗಳ ಸಂಖ್ಯೆ, ವಿಮಾನಗಳ ಹೆಸರು, ಅಧಿಕಾರಿಗಳ ಪದಕ ಇವೆಲ್ಲ ದಾಖಲೆಗಳಲ್ಲಿ ಸುಲಭವಾಗಿ ಸಿಗುತ್ತವೆ. ವಿಮಾನ ನೆಲೆಗೆ ನೆಲ ಕೊಟ್ಟವರ ಹೆಸರು ಸಿಗುವುದಿಲ್ಲ. ಕೊಗ್ಗಲ ಈ ಮಾತಿಗೆ ಅಪವಾದ, ಮತ್ತು ನಾನು ಇಲ್ಲಿಯವರೆಗೆ ಬಂದದ್ದು ಮುಖ್ಯವಾಗಿ ಇದನ್ನು ನೋಡಲು.

ಸಿಂಹಳ ಸಾಹಿತ್ಯದ ಹಿರಿಯರಾದ ಮಾರ್ಟಿನ್ ವಿಕ್ರಮಸಿಂಹ (1890–1976) ಹುಟ್ಟಿದ ಊರು ಇದು. ಯುದ್ಧಕಾಲದಲ್ಲಿ ನೆಲೆ ಕಟ್ಟಲು ಊರನ್ನು ವಶಪಡಿಸಿಕೊಂಡಾಗ ಮನೆ ಖಾಲಿ ಮಾಡಲು ಜನರಿಗೆ ಸಿಕ್ಕಿದ್ದು ಇಪ್ಪತ್ನಾಲ್ಕು ಗಂಟೆ ಎಂದು ಇಲ್ಲಿ ಹೇಳುತ್ತಾರೆ. ಮನೆಗಳನ್ನು ಕೆಡವಲಾಯಿತು. ವಿಕ್ರಮಸಿಂಹರ ಮನೆಯೊಂದು ಅಧಿಕಾರಿಗಳ ವಸತಿಗೆ ಬಳಕೆಯಾದದ್ದರಿಂದ ಉಳಿಯಿತು. ಈಗ ಆ ಮನೆಯೂ ಅದರ ತೋಟವೂ ಸೇರಿ ಜಾನಪದ ವಸ್ತುಸಂಗ್ರಹಾಲಯವಾಗಿದೆ. ಮನೆಯ ಮುಂದೆ ಅವರ ಸಮಾಧಿಯಿದೆ.

ತಗ್ಗಾದ ಹೆಂಚಿನ ಮಾಡಿನ ಕೆಳಗೆ ನುಗ್ಗಿ ಒಳಗೆ ಹೋದರೆ ಕೆಂಪು ಗಾರೆಯ ತಣ್ಣನೆಯ ಜಗುಲಿ, ಸಣ್ಣ ಕಿಟಕಿಗಳು. ಸಂಗ್ರಹಾಲಯದ ಅಂಗಳದಲ್ಲಿ ಎತ್ತಿನ ಗಾಡಿಗಳು, ಮುಖವಾಡಗಳು, ಸೂತ್ರದ ಗೊಂಬೆಗಳು, ಮಡಕೆ ಕುಡಿಕೆಗಳು. ನಮ್ಮ ಮಂಡಿ ಗೆಳೆಯ ಬಹಳ ಹೊತ್ತು ನಿಂತದ್ದು ಬೀಸುವ ಕಲ್ಲಿನ ಮುಂದೆ. ಕಲ್ಲಿನ ಮೇಲಿನ ತೂತು ಕಾಳು ಸುರಿಸುವ ಬೆರಳುಗಳು ತಾಗಿ ತಾಗಿ ಒಂದೇ ಪಕ್ಕಕ್ಕೆ ಸವೆದಿತ್ತು, ಗೂಟ ಹಿಡಿಯುವ ಕಡೆ ನುಣುಪಾಗಿತ್ತು. ಇಲ್ಲಿಯವರೂ ರಾಗಿ ಬೀಸಿ ರೊಟ್ಟಿ ತಟ್ಟುತ್ತಾರೆ. ಅದಕ್ಕೆ ಕುರಕ್ಕನ್ ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ ಅದೇ ರೊಟ್ಟಿಯನ್ನು ಸಂಬಲ ಎಂಬ ತೆಂಗಿನಕಾಯಿಯ ಚಟ್ನಿಯೊಂದಿಗೆ ತಿಂದೆವು. ಇಂಥ ಕಲ್ಲನ್ನು ಅಡುಗೆಮನೆಯಲ್ಲಿ ಬಿಟ್ಟು, ಎತ್ತಿಕೊಂಡು ಹೋಗಬಹುದಾದಷ್ಟನ್ನೇ ಕಟ್ಟಿಕೊಂಡು ಒಂದೇ ದಿನದಲ್ಲಿ ಊರು ತೊರೆದ ಸಂಸಾರಗಳ ಕಷ್ಟವನ್ನು ಬರ್ಚಲ್‌ನ ಸಾಹಸದ ಪಕ್ಕದಲ್ಲಿಯೇ ಇಟ್ಟು ಓದಬೇಕು. ಆತನ ಕ್ಯಾಟಲಿನಾ ಎದ್ದದ್ದು ಅವರ ಸರೋವರದಿಂದ.

ಸರ್ವೇಯರ್ ಆ ಸಂಜೆ ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇನೆ. ಭೂಸ್ವಾಧೀನದ ಕಡತ, ಸರ್ವೆ ನಂಬರ್, ಪರಿಹಾರದ ಪಟ್ಟಿ, ಇವು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಗೆದ್ದಲು ಹಿಡಿಯುವ ಮೊದಲು ಯಾರಾದರೂ ಓದಿ ಬರೆದಿಟ್ಟರೆ, ದಕ್ಷಿಣದ ಪ್ರತಿ ಯುದ್ಧಕಾಲದ ಓಡುದಾರಿಯ ಕೆಳಗೂ ಇದ್ದ ಹೊಲಗಳ ಇತಿಹಾಸ ಸಿಗುತ್ತದೆ ಎಂದರು. ಅವರ ವೃತ್ತಿಯ ಅನುಭವದ ಮಾತಿದು, ನಾನು ಪೂರ್ಣವಾಗಿ ಒಪ್ಪುತ್ತೇನೆ.

ಐದನೆಯ ದಿನ: ಮಿನ್ನೇರಿಯ

ದಿನದ ಬಹುಪಾಲು ಬಸ್ಸಿನಲ್ಲಿ ಕಳೆಯಿತು. ಮಿನ್ನೇರಿಯ ತಲುಪಿದಾಗ ಇಳಿಹೊತ್ತು. ಮಹಾಸೇನ ರಾಜ ಕಟ್ಟಿಸಿದ ಇಲ್ಲಿನ ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತೆವು; ಕೆರೆಗಳ ಜಿಲ್ಲೆಯಿಂದ ಬಂದವರು ತೂಬು, ಕೋಡಿ ನೋಡದೆ ಮುಂದೆ ಹೋಗಲಾರರು. ಹತ್ತಿರದ ಹಿಂಗುರಕ್‌ಗೊಡದಲ್ಲಿರುವ ವಾಯುನೆಲೆಯೇ ಯುದ್ಧಕಾಲದ ಮಿನ್ನೇರಿಯ. 160ನೆಯ ಸ್ಕ್ವಾಡ್ರನ್ನಿನ ಲಿಬರೇಟರುಗಳು 1945ರಲ್ಲಿ ಇಲ್ಲಿಂದ ಎದ್ದು ಬಂಗಾಳ ಕೊಲ್ಲಿಯನ್ನು ದಾಟಿ ಸಿಂಗಪುರದ ನೀರಿನಲ್ಲಿ ಸಿಡಿಗುಂಡು ಬಿತ್ತಿ ಹಿಂದಿರುಗುತ್ತಿದ್ದವು. ಒಂದು ಹೋಗಿಬರುವಿಕೆಗೆ ಇಪ್ಪತ್ತು ಗಂಟೆಗೂ ಹೆಚ್ಚು. ಕೋಲಾರದಲ್ಲಿ ಕಲಿಸುತ್ತಿದ್ದ ವಿಮಾನ ಯಾವ ದೂರಕ್ಕೆ ಸಮರ್ಥವಾಗಿತ್ತು ಎಂಬುದು ಇಲ್ಲಿ ನಿಂತಾಗ ಮನದಟ್ಟಾಗುತ್ತದೆ.

ಲಿಬರೇಟರಿನ ಕಥೆ ಯುದ್ಧದೊಂದಿಗೆ ಮುಗಿಯಲಿಲ್ಲ. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಎಚ್‌ಎಎಲ್ ತಂತ್ರಜ್ಞರು ಹಾರುವ ಸ್ಥಿತಿಗೆ ತಂದರು. ತಾತ್ಕಾಲಿಕ ದುರಸ್ತಿಯಷ್ಟೇ ಆದ ಆ ವಿಮಾನಗಳನ್ನು ಪೈಲಟ್ ಜಮ್ಷೆಡ್ ಮುನ್ಷಿ ಬೆಂಗಳೂರಿಗೆ ಹಾರಿಸಿ ತಂದರು. ಸುಮಾರು ನಲವತ್ತು ವಿಮಾನಗಳು ಹೀಗೆ ಮರುಜನ್ಮ ಪಡೆದವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಕಟ್ಟಲಾಯಿತು, ಮತ್ತು ಭಾರತದಲ್ಲಿ ಲಿಬರೇಟರ್ 1968ರವರೆಗೆ ಸೇವೆಯಲ್ಲಿತ್ತು. ಕನ್ನಡ ನಾಡಿನ ಕೈಕೆಲಸದ ಈ ದೊಡ್ಡ ಸಾಧನೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟಕ್ಕಾದರೂ ಅರ್ಹವಾದದ್ದು.

ಆರನೆಯ ದಿನ: ಚೈನಾ ಬೇ

ಟ್ರಿಂಕೊಮಲಿಯ ಕೋಣೇಶ್ವರ ದೇವಾಲಯ ಕಡಲಿಗೆ ಚಾಚಿದ ಬಂಡೆಯ ಮೇಲಿದೆ. ಕೋಲಾರಮ್ಮನ ಗುಡಿಯಲ್ಲಿ ಶಾಸನ ಬರೆಸಿದ ರಾಜೇಂದ್ರ ಚೋಳನ ಆಳ್ವಿಕೆ ಈ ತೀರದವರೆಗೂ ಹಬ್ಬಿತ್ತು. ದರ್ಶನ ಮುಗಿಸಿ ಬಂಡೆಯ ತುದಿಯಿಂದ ನೋಡಿದರೆ ಬಂದರು ಯಾಕೆ ಸಾಮ್ರಾಜ್ಯಗಳ ಕಣ್ಣಿಗೆ ಬಿದ್ದಿತೆಂದು ಹೇಳಿಸಿಕೊಳ್ಳಬೇಕಾಗಿಲ್ಲ.

ಬಂದರಿನ ಒಳಮೈಯಲ್ಲಿರುವ ಚೈನಾ ಬೇ ವಿಮಾನ ನಿಲ್ದಾಣವೂ ಸಣ್ಣದೇ. ಶ್ರೀಲಂಕಾ ವಾಯುಪಡೆಯ ತರಬೇತಿ ಅಕಾಡೆಮಿ ಇಲ್ಲಿದೆ. 1942ರ ಏಪ್ರಿಲ್ 9ರ ಬೆಳಗ್ಗೆ, ಕೊಲಂಬೊ ದಾಳಿಯ ನಾಲ್ಕು ದಿನಗಳ ಮೇಲೆ, ಅದೇ ನೌಕಾಪಡೆ ಇಲ್ಲಿಗೆ ಬಂತು. ಈ ಬಾರಿ 261ನೆಯ ಸ್ಕ್ವಾಡ್ರನ್ನಿನ ಹರಿಕೇನುಗಳು ಮೊದಲೇ ಆಕಾಶದಲ್ಲಿದ್ದವು. ಆದರೂ ಅವುಗಳಲ್ಲಿ ಅರ್ಧದಷ್ಟು ಉರುಳಿದವು. ಕೊಲಂಬೊ ರೇಸ್‌ಕೋರ್ಸಿನಿಂದ ಎದ್ದ ಬ್ಲೆನ್‌ಹೀಮ್‌ಗಳು ಜಪಾನಿ ಹಡಗುಗಳನ್ನು ಹುಡುಕಿ ಬಾಂಬು ಹಾಕಿದವು. ಒಂದೂ ತಗುಲಲಿಲ್ಲ, ಹೋದ ಒಂಬತ್ತರಲ್ಲಿ ಐದು ಹಿಂದಿರುಗಲಿಲ್ಲ. ವಿಮಾನವಾಹಕ ನೌಕೆಯಾಗಿಯೇ ವಿನ್ಯಾಸಗೊಂಡ ಬ್ರಿಟನ್ನಿನ ಮೊದಲ ಹಡಗು ಹರ್ಮಿಸ್ ಹಿಂದಿನ ರಾತ್ರಿಯೇ ಬಂದರು ಬಿಟ್ಟು ದಕ್ಷಿಣಕ್ಕೆ ಹೋಗಿತ್ತು. ಅದರ ವಿಮಾನಗಳು ಮಾತ್ರ ಚೈನಾ ಬೇಯ ನೆಲದ ಮೇಲೆ ಉಳಿದಿದ್ದವು. ಬಟ್ಟಿಕಲೋವಾದ ಎದುರು ಜಪಾನಿ ಬಾಂಬರುಗಳ ಕೈಗೆ ಸಿಕ್ಕಿದಾಗ ಅದನ್ನು ಕಾಯಲು ಮೇಲೆ ಒಂದು ವಿಮಾನವೂ ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು. 307 ಮಂದಿ ಅದರೊಂದಿಗೆ ಹೋದರು. ಆಸ್ಪತ್ರೆ ಹಡಗು ವೀಟಾ ನೀರಿನಲ್ಲಿದ್ದ ನೂರಾರು ಜನರನ್ನು ಎತ್ತಿಕೊಂಡಿತು.

ನಿಲ್ದಾಣದ ಹತ್ತಿರದ ಕಾಡಿನಲ್ಲಿ ಬ್ರಿಟಿಷರು ಯುದ್ಧಕ್ಕೂ ಮೊದಲು ಕಟ್ಟಿದ ತೈಲ ಸಂಗ್ರಹಾಗಾರಗಳ ಸಮೂಹವಿದೆ. ಆ ದಿನ ಒಂದು ಜಪಾನಿ ವಿಮಾನ ಅವುಗಳಲ್ಲೊಂದಕ್ಕೆ ಅಪ್ಪಳಿಸಿ, ಬೆಂಕಿ ದಿನಗಟ್ಟಲೆ ಉರಿಯಿತು. ಈಗ ಉಳಿದಿರುವುದು 99. ಎಲ್ಲವೂ ಸೇರಿ ಸುಮಾರು ಹತ್ತು ಲಕ್ಷ ಟನ್ ತೈಲ ಹಿಡಿಯಬಲ್ಲವು. ಹೊರಗಿನ ರಸ್ತೆಯಿಂದ ಕಂಡಷ್ಟು ಕಡೆ ಮರಗಳ ಸಂದಿಯಲ್ಲಿ ತುಕ್ಕು ಹಿಡಿದ ದುಂಡನೆಯ ಗೋಡೆಗಳು. 2003ರಿಂದ ಇವುಗಳಲ್ಲಿ ಕೆಲವನ್ನು ನಮ್ಮ ಇಂಡಿಯನ್ ಆಯಿಲ್‌ನ ಲಂಕಾ ಅಂಗಸಂಸ್ಥೆ ನಡೆಸುತ್ತಿದೆ. 2022ರ ಜನವರಿಯ ಒಪ್ಪಂದದಂತೆ 61 ಸಂಗ್ರಹಾಗಾರಗಳು ಎರಡೂ ದೇಶಗಳ ಜಂಟಿ ಸಂಸ್ಥೆಗೆ ಸೇರಿವೆ, ಅದರಲ್ಲಿ ಶ್ರೀಲಂಕಾದ ಪಾಲು ನೂರಕ್ಕೆ 51. ಮಂಡಿ ಗೆಳೆಯ ಲೆಕ್ಕವನ್ನು ಎರಡು ಸಲ ಕೇಳಿ, ಪಾಲುದಾರಿಕೆ ಸರಿಯಾಗಿದೆ, ನೆಲದವರ ಕೈ ಮೇಲಿರಬೇಕು ಎಂದ. ಬಿಸಿಲೇರುವ ಮೊದಲು ನಿಲಾವೆಲಿ ರಸ್ತೆಯ ಯುದ್ಧ ಸ್ಮಶಾನವನ್ನೂ ನೋಡಬೇಕಾಗಿದ್ದರಿಂದ ಆಟೊ ಹಿಡಿದು ಉತ್ತರಕ್ಕೆ ಹೊರಟೆವು.